ತಿಮ್ಕತ್ ಹಬ್ಬದಲ್ಲಿ ನಾನು ಎಸೆದ ನಿಂಬೆಹಣ್ಣು

ಬೆಟ್ಟದ ಊರು

ನಾನು ಇಥಿಯೋಪಿಯಾಕ್ಕೆ ಹೊರಟಿದ್ದೇನೆಂದು ತಿಳಿದಾಗ ತಿಳವಳ್ಳಿಯ ನಮ್ಮ ಓಣಿಯವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: ಅಲ್ಲಿ ಉಣ್ಣಲಿಕ್ಕೆ ಏನು ಸಿಗುತ್ತದೆ? ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಆ ದೇಶದವರು ತಮ್ಮ ಶಾಲೆಗಳಿಗೆ ನಮ್ಮ ಕಡೆಯಿಂದ ಮಾಸ್ತರರನ್ನು ಕರೆಸಿಕೊಳ್ಳುತ್ತಿದ್ದರು. ಹಾನಗಲ್ಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ನಾನೂ ಒಂದು ಅರ್ಜಿ ಹಾಕಿದ್ದೆ. ಕರೆ ಬಂದಾಗ ಎಲ್ಲರಿಗಿಂತ ಹೆಚ್ಚು ಆಶ್ಚರ್ಯಪಟ್ಟವನು ನಾನೇ.

ಅದೇ ಊರಿನ ಅದೇ ಶಾಲೆಗೆ ಸವಣೂರಿನ ಖಾದರಸಾಹೇಬರಿಗೂ ಕರೆ ಬಂದಿತ್ತು. ಅವರು ಗಣಿತದ ಮಾಸ್ತರರು, ನನಗಿಂತ ಹತ್ತು ವರ್ಷ ಹಿರಿಯರು. ಮುಂಬಯಿಯ ಹಡಗುಕಟ್ಟೆಯಲ್ಲಿ ಗುರುತಾಯಿತು. ಅವರ ಡಬ್ಬಿಯಲ್ಲಿದ್ದ ಸವಣೂರಿನ ಖಾರ ಏಡನ್ ಮುಟ್ಟುವುದರೊಳಗೆ ತೀರಿತು, ಅಷ್ಟರಲ್ಲಿ ನಾವು ಗೆಳೆಯರಾಗಿದ್ದೆವು. ಆಮೇಲೆ ರೈಲು, ಆಮೇಲೆ ಎರಡು ದಿನ ಬಸ್ಸು. ಕೊನೆಗೆ ಒಂದು ಎತ್ತರದ ಊರಿನಲ್ಲಿ, ನಡುಹಗಲಲ್ಲೂ ಕಂಬಳಿ ಹೊದೆಯಬೇಕಾದ ಗಾಳಿಯಲ್ಲಿ ಇಳಿದೆವು. ಆ ಊರಿನ ಹೆಸರು ಬರೆಯುವುದಿಲ್ಲ. ಮುಂದೆ ಹೇಳಲಿರುವ ಹುಡುಗಿ ಅಲ್ಲಿ ಈಗ ಮಕ್ಕಳೊಂದಿಗಳು.

ಮೊದಲ ದಿನವೇ ಫಜೀತಿ. ಶಾಲೆ ಎರಡು ಗಂಟೆಗೆ ಶುರು ಎಂದು ಹೆಡ್‌ಮಾಸ್ತರರು ಹೇಳಿ ಕಳಿಸಿದ್ದರು. ನಾವು ಊಟ ಮಾಡಿ, ಕೋಟು ಹಾಕಿಕೊಂಡು ಎರಡಕ್ಕೆ ಹೋದರೆ ಗೇಟಿಗೆ ಬೀಗ. ಅಲ್ಲಿ ಸೂರ್ಯ ಹುಟ್ಟಿದ ಮೇಲೆ ಗಂಟೆ ಎಣಿಸಲು ಶುರುಮಾಡುತ್ತಾರೆ. ಅವರ ಎರಡು ಎಂದರೆ ನಮ್ಮ ಬೆಳಗಿನ ಎಂಟು. ವರ್ಷದ ಲೆಕ್ಕವೂ ಬೇರೆ, ನಮಗಿಂತ ಏಳೆಂಟು ವರ್ಷ ಹಿಂದೆ.

"ಗಣಿತದ ಮಾಸ್ತರಗ ಇಂಥಾ ಊರು ಕೊಟ್ಟಾರ ನೋಡ್ರಿ," ಎಂದು ಖಾದರಸಾಹೇಬರು ಗೇಟಿನ ಕಲ್ಲಿನ ಮೇಲೆ ಕುಳಿತು ನಕ್ಕರು. "ಕಲಸಾಕ ಬಂದವರು ಮೊದಲ ಎಣಿಸೋದು ಕಲೀಬೇಕಾತು."

ಅಬೆಬೆಚ್ ಅವ್ವನ ಮನೆ

ನಮಗೆ ಬಾಡಿಗೆಗೆ ಎರಡು ಖೋಲಿ ಕೊಟ್ಟವಳು ಅಬೆಬೆಚ್ ಎಂಬ ವಿಧವೆ. ಐವತ್ತರ ಹೆಂಗಸು. ಅವಳ ಒಬ್ಬಳೇ ಮಗಳು ಅಲ್ಮಾಜ್, ಇಪ್ಪತ್ತೆರಡರವಳು, ಹುಡುಗಿಯರ ಶಾಲೆಯಲ್ಲಿ ಹೊಲಿಗೆ ಕಲಿಸುತ್ತಿದ್ದಳು, ಇಂಗ್ಲಿಷ್ ಬಲ್ಲವಳು. ಅಲ್ಮಾಜ್ ಎಂದರೆ ವಜ್ರವಂತೆ. ಉರ್ದುವಿನಲ್ಲೂ ಅಲ್ಮಾಸ್ ಎಂದರೆ ವಜ್ರವೇ ಎಂದು ಖಾದರಸಾಹೇಬರು ಹೇಳಿದಾಗ ತಾಯಿ ಮಗಳಿಬ್ಬರೂ ನಮ್ಮನ್ನು ಅರ್ಧ ನೆಂಟರೆಂದೇ ಎಣಿಸಿದರು. ಅವರು ಆಡಿದ್ದು ಅಮ್ಹಾರಿಕ್ ಭಾಷೆ, ಇಲ್ಲವೆ ಮಗಳು ತಿಳಿಸಿ ಹೇಳಿದ ಇಂಗ್ಲಿಷ್. ಆದರೂ ಆ ತಾಯಿ ನನ್ನ ಕಿವಿಗೆ ನಮ್ಮ ಕಡೆಯ ಅವ್ವನ ಹಾಗೆಯೇ ಕೇಳುತ್ತಿದ್ದಳು. ಆದ್ದರಿಂದ ಅವರ ಮಾತನ್ನು ನಮ್ಮ ಮಾತಿನಲ್ಲೇ ಬರೆಯುತ್ತೇನೆ.

ಊಟದ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಕ್ರಿಸ್‌ಮಸ್ಸಿನ ಮುಂಚಿನ ಉಪವಾಸದಲ್ಲಿ. ಆ ಆರು ವಾರ ಅಲ್ಲಿಯ ಕ್ರೈಸ್ತರು ಮಾಂಸ, ಹಾಲು, ತುಪ್ಪ ಯಾವುದನ್ನೂ ಮುಟ್ಟುವುದಿಲ್ಲ. ಆಗ ಅಬೆಬೆಚ್ ಅವ್ವ ಕಡಲೆಹಿಟ್ಟಿಗೆ ಖಾರ ಹಾಕಿ ಕುದಿಸಿ, ಹುಳಿ ಬರಿಸಿದ ದೊಡ್ಡ ದೋಸೆಯಂಥ ಇಂಜೆರಾದ ಮೇಲೆ ಸುರಿಯುತ್ತಿದ್ದಳು. ಕಣ್ಣು ಮುಚ್ಚಿ ತಿಂದರೆ ಅದು ನಮ್ಮ ಝುಣಕವೇ. ಜನವರಿ ಏಳಕ್ಕೆ ಅವರ ಕ್ರಿಸ್‌ಮಸ್ ಬಂತು, ಉಪವಾಸ ಮುಗಿಯಿತು, ಮನೆಮನೆಯಲ್ಲೂ ಮಾಂಸ ಬೇಯತೊಡಗಿತು. ಊರಿಗೆಲ್ಲ ಹಬ್ಬವಾದ ದಿನ ಮಾಂಸ ಮುಟ್ಟದ ನನಗೆ ಉಪವಾಸ. ಕ್ರೈಸ್ತರು ಕೊಯ್ದದ್ದನ್ನು ಖಾದರಸಾಹೇಬರೂ ತಿನ್ನುತ್ತಿರಲಿಲ್ಲ. ಅವ್ವ ನಮ್ಮಿಬ್ಬರನ್ನೂ ನೋಡಿ ತಲೆ ಆಡಿಸಿದಳು.

"ನಿಮ್ಮ ದೇಶದಾಗ ಹಬ್ಬ ಯಾವಾಗ ಮಾಡ್ತೀರಿ? ವರ್ಷಪೂರ್ತಿ ಉಪವಾಸನ ಏನು?"

ಒಂದು ದಿನ ನೀರು ಹಾಕಿಕೊಂಡು ಬರುವಾಗ ನನ್ನ ಕೊರಳಿನ ಶಿವದಾರ ಅವಳ ಕಣ್ಣಿಗೆ ಬಿತ್ತು. ಅವರಲ್ಲಿ ದೀಕ್ಷೆ ಆದವರೆಲ್ಲ ಕೊರಳಿಗೆ ಒಂದು ದಾರ ಕಟ್ಟುತ್ತಾರೆ. ಅವಳು ತನ್ನ ದಾರ ತೋರಿಸಿ, ನನ್ನದರ ತುದಿಗೆ ಏನಿದೆ ಎಂದು ಕೇಳಿದಳು. ದೇವರು ಇದ್ದಾನೆ, ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡಿದ್ದೇನೆ ಎಂದೆ. ತೋರಿಸು ಎನ್ನಲಿಲ್ಲ.

"ಸುತ್ತಿಟ್ಟಿದ್ದು ಚಲೋ ಮಾಡಿದಿ. ನಮ್ಮದೂ ಹಂಗ," ಎಂದಳು. ಅದರ ಅರ್ಥ ನನಗೆ ತಿಳಿದದ್ದು ತಿಮ್ಕತ್‌ದ ಹಿಂದಿನ ದಿನ.

ದೇವರು ನೀರಿಗೆ ಹೊರಟ ದಿನ

ಕ್ರಿಸ್‌ಮಸ್ ಆಗಿ ಹನ್ನೆರಡನೆಯ ದಿನಕ್ಕೆ ತಿಮ್ಕತ್. ಏಸು ನದಿಯಲ್ಲಿ ಮಿಂದು ದೀಕ್ಷೆ ಪಡೆದ ದಿನ. ಬೇರೆ ಕಡೆಯ ಕ್ರೈಸ್ತರು ಕ್ರಿಸ್‌ಮಸ್ಸಿನ ಸಡಗರವನ್ನು ಸದ್ದಿಲ್ಲದೆ ಮುಗಿಸುವ ಹೊತ್ತಿಗೆ ಇವರ ದೊಡ್ಡ ಹಬ್ಬ ಶುರುವಾಗುತ್ತದೆ. ನಮ್ಮ ಸಂಕ್ರಾಂತಿ ಆಗಿ ನಾಲ್ಕೈದು ದಿನವಾಗಿತ್ತು. ವರದಾ ಹೊಳೆಗೆ ಹೋಗಿ ಮಿಂದು, ದಂಡೆಯ ಮೇಲೆ ಸಜ್ಜಿ ರೊಟ್ಟಿ ತಿನ್ನುವ ನಮ್ಮ ಜನ ನೆನಪಾಗುತ್ತಿದ್ದರು.

ಅದರ ಹಿಂದಿನ ದಿನ ಮಧ್ಯಾಹ್ನ ಏಸುವಿನ ತಾಯಿ ಮರಿಯಮ್ಮನ ಗುಡಿ, ದೇವದೂತ ಮಿಕಾಯಿಲನ ಗುಡಿ ಎರಡರಿಂದಲೂ ದೇವರು ಹೊರಬಂದವು. ಹಿರಿಯ ಪೂಜಾರಿಯ ತಲೆಯ ಮೇಲೆ ಜರತಾರಿ ಬಟ್ಟೆಯಲ್ಲಿ ಸುತ್ತಿದ ಒಂದು ಹಲಗೆ. ಅದನ್ನು ಪೂಜಾರಿಗಳ ಹೊರತು ಯಾರೂ ಕಣ್ಣಿಂದ ಕಂಡವರಿಲ್ಲ. ಮುಂದೆ ಬಣ್ಣದ ಛತ್ರಿಗಳು, ಕೊರಳಿಗೆ ನೇತುಹಾಕಿದ ದೊಡ್ಡ ನಗಾರಿಗಳು, ಸಾಲಾಗಿ ನಿಂತು ಕೋಲು ಹಿಡಿದು ತೂಗಾಡುತ್ತ ಹಾಡುವ ಬಿಳಿ ಬಟ್ಟೆಯವರು. ನಮ್ಮಲ್ಲಿ ಪಲ್ಲಕ್ಕಿ ಬಂದರೆ ಮುಖ ಕಾಣಲಿಲ್ಲವೆಂದು ಜನ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಇಲ್ಲಿ ಮುಖವೇ ಇಲ್ಲದ ದೇವರಿಗೆ ಇಡೀ ಊರು ದಾರಿ ಬಿಟ್ಟು ಬಾಗಿ ನಿಂತಿತ್ತು. ನನ್ನ ಕೈ ತಾನಾಗಿ ಎದೆಯ ಮೇಲಿನ ಲಿಂಗವನ್ನು ಮುಟ್ಟಿಕೊಂಡಿತು. ಎರಡೂ ದೇವರುಗಳು ಕೆರೆಯ ದಂಡೆಯ ಡೇರೆಗಳಲ್ಲಿ ತಂಗಿದವು.

ಅದೇ ದಿನ ಬೆಳಿಗ್ಗೆ ಪೇಟೆಯ ದರ್ಜಿ ಬೆಕೆಲೆ ಅಲ್ಮಾಜಳಿಗೆ ಹೊಸ ಬಿಳಿ ಅಂಗಿ ತಂದು ಕೊಟ್ಟಿದ್ದ. ತೆಳ್ಳನೆಯ, ಮಾತು ಕಡಿಮೆಯ ಯುವಕ. ನನ್ನ ಎರಡು ಪ್ಯಾಂಟುಗಳನ್ನೂ ಅವನೇ ಹೊಲಿದಿದ್ದ. ಕಾಫಿ ಕುಡಿಯುವಷ್ಟು ಹೊತ್ತೂ ತಲೆ ಎತ್ತಲಿಲ್ಲ. ಅವನು ಹೋದ ಮೇಲೆ ಖಾದರಸಾಹೇಬರು ನನ್ನ ಕಿವಿಯಲ್ಲಿ ಹೇಳಿದರು.

"ಮಾಸ್ತರ, ಆ ಅಂಗಿ ಆಕಿಗೆ ಎಷ್ಟ ಬರೋಬ್ಬರಿ ಕುಂತೈತಿ ನೋಡಿದ್ರಿಲ್ಲೋ? ಅಳತಿ ತೊಗೊಂಡಿದ್ದ ನಾ ಒಮ್ಮೆನೂ ನೋಡಿಲ್ಲ."

"ಕೈಗುಣ ಇರಬೇಕ್ರಿ," ಎಂದೆ ನಾನು.

ಸಾಹೇಬರು ನನ್ನ ಮುಖ ನೋಡಿ ನಕ್ಕರು.

ತಿಮ್ಕತ್

ಬೆಳಕು ಹರಿಯುವ ಮೊದಲೇ ಕೆರೆಗೆ ಹೋದೆವು. ಹುಲ್ಲಿನ ಮೇಲೆ ಹಿಮ. ಹಿರಿಯ ಪೂಜಾರಿ ಶಿಲುಬೆಯನ್ನು ನೀರಿಗೆ ಮುಟ್ಟಿಸಿ ಮಂತ್ರ ಹೇಳಿ ಮುಗಿಸುವುದೇ ತಡ, ಯುವಕರು ಆ ಚಳಿಯಲ್ಲಿ ದುಮುಕಿದರು. ಪೂಜಾರಿಗಳು ಬಕೆಟ್ಟಿನಿಂದ ಜನರ ಮೇಲೆ ನೀರು ಎರಚಿದರು. ನಾವಿಬ್ಬರೂ ತೊಯ್ದು ತಪ್ಪಡಿಯಾದೆವು.

"ನನ್ನ ಮ್ಯಾಲೂ ಬಿತ್ತಲ್ರಿ," ಎಂದರು ಸಾಹೇಬರು ಗಡ್ಡ ಹಿಂಡಿಕೊಳ್ಳುತ್ತ.

"ತಪ್ಪಾತೇನ್ರಿ?"

"ನೀರಿನ ಕೂಡ ಏನ್ ಜಗಳ್ರಿ? ಥಂಡಿ ಅಷ್ಟ ತಪ್ಪು."

ಬಿಸಿಲು ಏರಿದ ಮೇಲೆ ಮರಿಯಮ್ಮನ ದೇವರು ಗುಡಿಗೆ ಮರಳಲು ಹೊರಟಿತು. ಜನ ದಾರಿಯ ಎರಡೂ ಬದಿ ಕೂಡಿದರು. ದಾರಿ ಬದಿಯಲ್ಲಿ ಒಬ್ಬಳು ಮುದುಕಿ ಬುಟ್ಟಿ ತುಂಬ ನಿಂಬೆಹಣ್ಣು ಇಟ್ಟುಕೊಂಡು ಕುಳಿತಿದ್ದಳು. ಹಿಂದಿನ ದಿನವೆಲ್ಲ ಹಾಡಿ ಹಾಡಿ ಅಬೆಬೆಚ್ ಅವ್ವನ ದನಿ ಬಿದ್ದುಹೋಗಿತ್ತು. ನಿಂಬೆರಸದಲ್ಲಿ ಶುಂಠಿ ಹಾಕಿ ಕೊಟ್ಟರೆ ಗಂಟಲು ಬಿಟ್ಟೀತು ಎಂದು ನಾಲ್ಕು ಕೊಂಡೆ. ಅವ್ವ, ಅಲ್ಮಾಜ್ ದಾರಿಯ ಆಚೆ ನಿಂತಿದ್ದರು, ನಡುವೆ ಹಾಡುವವರ ಸಾಲು. ದಾಟುವ ಹಾಗಿರಲಿಲ್ಲ. ಅಲ್ಮಾಜ್ ನನ್ನ ಕಡೆ ನೋಡಿ ಕೈ ಎತ್ತಿದಳು. ನಾನು ಒಂದು ಹಣ್ಣನ್ನು ಮೇಲೆ ಹಿಡಿದು ತೋರಿಸಿ, "ಅವ್ವಗ!" ಎಂದು ಕನ್ನಡದಲ್ಲೇ ಕೂಗಿ ಎಸೆದೆ.

ಅದು ನೆಟ್ಟಗೆ ಹೋಗಿ ಅವಳ ಎದೆಗೆ ತಾಗಿ ಕೆಳಗೆ ಬಿತ್ತು.

ಅವಳ ಸುತ್ತಲಿನ ಹುಡುಗಿಯರು ಚೀರಿದರು. ಆಮೇಲೆ ಎಲ್ಲರೂ ಅವಳನ್ನೇ ನೋಡತೊಡಗಿದರು. ಅಲ್ಮಾಜ್ ನನ್ನನ್ನು ನೋಡಿದಳು, ಎಡಕ್ಕೆ ಒಮ್ಮೆ ನೋಡಿದಳು, ಬಾಗಿ ಹಣ್ಣನ್ನು ಎತ್ತಿಕೊಂಡು ಸೆರಗಿನಂಥ ತನ್ನ ಶಾಲಿನ ತುದಿಗೆ ಕಟ್ಟಿಕೊಂಡಳು. ಹೆಂಗಸರೆಲ್ಲ ನಾಲಿಗೆ ಹೊರಳಿಸಿ ಗಟ್ಟಿಯಾಗಿ ಉಲಿದರು. ಪರದೇಶಿ ಮಾಸ್ತರ ಮುದುಕಿಗೆ ಔಷಧ ಕೊಟ್ಟದ್ದಕ್ಕೆ ಇಷ್ಟು ಸಂತೋಷವೇ ಎಂದುಕೊಂಡು ನಾನು ಎರಡೂ ಕೈ ಜೋಡಿಸಿ ನಾಲ್ಕೂ ದಿಕ್ಕಿಗೆ ನಮಸ್ಕಾರ ಮಾಡಿದೆ. ಉಲಿ ಇಮ್ಮಡಿಯಾಯಿತು. ಅವಳ ಎಡಕ್ಕೆ ಹತ್ತು ಹೆಜ್ಜೆ ದೂರದಲ್ಲಿ ಬೆಕೆಲೆ ನಿಂತಿದ್ದ. ಅವನ ಕೈಯಲ್ಲೂ ಒಂದು ನಿಂಬೆಹಣ್ಣಿತ್ತು. ಅವನು ಬೆರಳು ಮುಚ್ಚಿಕೊಂಡು ಹಿಂದಕ್ಕೆ ತಿರುಗಿ ಹೊರಟುಹೋದ.

ನಮ್ಮ ಶಾಲೆಯ ವಿದ್ಯಾರ್ಥಿಗಳ ಗುಂಪಿನಿಂದ ಖಾದರಸಾಹೇಬರು ದಾರಿ ಬಿಡಿಸಿಕೊಂಡು ಬಂದರು. ಮುಖ ಕಪ್ಪಿಟ್ಟಿತ್ತು.

"ಮಾಸ್ತರ, ಏನ್ ಮಾಡಿದ್ರಿ? ಇಲ್ಲೆ ತಿಮ್ಕತ್ ದಿವಸ ಹುಡುಗಿಗೆ ನಿಂಬಿಹಣ್ಣ ಒಗದ್ರ ಲಗ್ನ ಆಗತೇನಿ ಅಂತ ಕೇಳಿಧಂಗ. ಆಕಿ ಎತ್ತಿಕೊಂಡ್ರ ಹೂಂ ಅಂಧಂಗ."

ನಮ್ಮ ಕಡೆ ಹಿರಿಯರನ್ನು, ಅಧಿಕಾರಿಗಳನ್ನು ಕಾಣಲು ಹೋದಾಗ ನಿಂಬೆಹಣ್ಣು ಕೊಡುತ್ತೇವೆ. ನನಗೆ ಗೊತ್ತಿದ್ದ ನಿಂಬೆಹಣ್ಣಿನ ಮರ್ಯಾದೆ ಅಷ್ಟೇ. ಉಳಿದ ಮೂರು ಹಣ್ಣುಗಳು ಕೈಯಲ್ಲಿ ಕೆಂಡದಂತಾದವು.

ಅವ್ವನ ಪ್ರಶ್ನೆ

ಮನೆಗೆ ಬಂದರೆ ಅಂಗಳದ ತುಂಬ ನೆರೆಯವರು. ಅವರೆಲ್ಲ ಹೋಗುವವರೆಗೆ ಅಬೆಬೆಚ್ ಅವ್ವ ಕಾಫಿಬೀಜ ಹುರಿಯುತ್ತ ಕುಳಿತಿದ್ದಳು. ಆಮೇಲೆ ಬಿದ್ದುಹೋದ ದನಿಯಲ್ಲಿ ಕೇಳಿದಳು.

"ಮಗನ, ನನಗ ಇಕಿ ಒಬ್ಬಾಕಿನ. ಸಮುದ್ರದ ಆಚಿಗೆ ಕರಕೊಂಡು ಹೊಂಟಿಯೇನು?"

ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ಸಿಟ್ಟಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ನೆಲದ ಮೇಲೆ ಕುಳಿತು, ಅವಳ ಕಾಲು ಮುಟ್ಟಿ, ಗಂಟಲಿನ ಔಷಧಕ್ಕಾಗಿ ಎಸೆದದ್ದನ್ನು ಇದ್ದಂತೆ ಹೇಳಿದೆ. ಅಲ್ಮಾಜ್ ಅದನ್ನು ತಾಯಿಗೆ ತಿಳಿಸಿದಳು. ತಾಯಿ ಮಗಳ ಕಡೆ ತಿರುಗಿದಳು.

"ಇಂವಗ ಇದು ತಿಳಿದಿಲ್ಲಂತ ನಿನಗ ಗೊತ್ತಿತ್ತೇನು?"

"ಗೊತ್ತಿತ್ತು."

"ಹಂಗಾದ್ರ ಯಾಕ ಎತ್ತಿಕೊಂಡಿ?"

ಅಲ್ಮಾಜ್ ನನಗೆ ಉತ್ತರ ಕೊಟ್ಟಳು. "ನಾ ಬಿಟ್ಟಿದ್ರ ಎಲ್ಲಾರ ಮುಂದ ನಿಮ್ಮನ್ನ ಒಲ್ಲೆ ಅಂಧಂಗ ಆಗತಿತ್ರಿ. ನಾಳೆ ಕ್ಲಾಸಿನ್ಯಾಗ ಹುಡುಗೂರು ನಗತಿದ್ರು. ನೀವು ನಮ್ಮ ಮನ್ಯಾಗ ಇರಾವ್ರು."

ನನಗೆ ತಲೆ ಎತ್ತಲಾಗಲಿಲ್ಲ. ಅವಳ ಎಡಕ್ಕೆ ನಿಂತಿದ್ದವನ ಸುದ್ದಿ ಕೇಳಬೇಕೆನಿಸಿತು. ಅಷ್ಟರಲ್ಲಿ ಅವಳೇ ಎದ್ದು ಒಳಗೆ ಹೋದಳು.

ಅವ್ವ ನನಗೆ ಬಟ್ಟಲು ಕೊಡುತ್ತ, "ನಿಮ್ಮೂರಾಗ ನಿನಗ ಯಾರರ ಅದಾರೇನು?" ಎಂದು ಕೇಳಿದಳು. ಸಾಹೇಬರು ನನಗೆ ತಿಳಿಸಿದರು.

ಇದ್ದಳು. ನಾನು ಹೊರಡುವ ಮುಂಚೆ ನಮ್ಮ ಅವ್ವ, ಅಣ್ಣ ಕೂಡಿ ಹಿರೇಕೆರೂರಿನಲ್ಲಿ ಹೆಣ್ಣು ಗೊತ್ತುಮಾಡಿದ್ದರು. ಹೆಸರು ಗಿರಿಜಾ. ನೋಡಲು ಹೋದ ದಿನ ಅವಲಕ್ಕಿ ತಂದಿಟ್ಟು ಒಳಗೆ ಹೋದವಳನ್ನು ಅರ್ಧ ನಿಮಿಷ ನೋಡಿದ್ದೆ. ನಾನು ರಜೆಗೆ ಬಂದಾಗ ಮದುವೆ ಎಂದು ಮಾತಾಗಿತ್ತು.

"ಆಕಿ ಏನಂದ್ಲು?" ಎಂದಳು ಅಬೆಬೆಚ್ ಅವ್ವ.

"ಆಕಿನ್ನ ಕೇಳಿಲ್ಲಬೇ. ಅವರ ಅಪ್ಪ ಹೂಂ ಅಂದಾರ."

ಅವ್ವ ನಗಲಿಲ್ಲ. ಬಟ್ಟಲು ತುಂಬಿ ಬರುವವರೆಗೂ ಕಾಫಿ ಸುರಿದಳು.

ಬೆಕೆಲೆಯ ಅಂಗಡಿ

ಮಧ್ಯಾಹ್ನ ಖಾದರಸಾಹೇಬರನ್ನು ಕರೆದುಕೊಂಡು ಪೇಟೆಗೆ ಹೋದೆ. ಹಬ್ಬವಾದರೂ ಬೆಕೆಲೆ ಅಂಗಡಿ ತೆರೆದು ಕುಳಿತಿದ್ದ. ಹೊಲಿಯುತ್ತಿರಲಿಲ್ಲ. ಮಶೀನಿನ ಚಕ್ರವನ್ನು ಸುಮ್ಮನೆ ತಿರುಗಿಸುತ್ತಿದ್ದ.

ದಾರಿಯುದ್ದಕ್ಕೂ ನಾನು ಅಮ್ಹಾರಿಕ್‌ನಲ್ಲಿ ಒಂದು ವಾಕ್ಯ ಬಾಯಿಪಾಠ ಮಾಡಿದ್ದೆ: ನನಗೆ ಗೊತ್ತಿರಲಿಲ್ಲ. ಅವನ ಮುಂದೆ ನಿಂತಾಗ ಬಾಯಿಂದ ಬಂದದ್ದು, ನಿನಗೆ ಗೊತ್ತಿರಲಿಲ್ಲ. ಅವನು ತಲೆ ಎತ್ತಿ, "ಖರೇನ. ನನಗ ಗೊತ್ತಿದ್ದಿಲ್ಲ. ಇವತ್ತು ಗೊತ್ತಾತು," ಎಂದ.

ಸಾಹೇಬರು ನನ್ನನ್ನು ಹಿಂದಕ್ಕೆ ಸರಿಸಿ ತಾವು ಕುಳಿತರು. ಅವರಿಗೆ ಭಾಷೆ ನನಗಿಂತ ಚೆನ್ನಾಗಿ ಬರುತ್ತಿತ್ತು. ಅವ್ವನ ಗಂಟಲಿನಿಂದ ಶುರುಮಾಡಿ ನನ್ನ ನಮಸ್ಕಾರದವರೆಗೆ ಎಲ್ಲವನ್ನೂ ಹೇಳಿದರು.

"ಒಗದವರಿಗೆ ತಿಳೀಲಿಲ್ಲ, ಒಪ್ಪಿದೆ," ಎಂದ ಬೆಕೆಲೆ. "ಆಕಿಗೆ ತಿಳೀತಿತ್ತಲ್ಲ. ನಾ ಅಲ್ಲೆ ನಿಂತಿದ್ದೆ. ನನ್ನ ನೋಡಿನ ಎತ್ತಿಕೊಂಡ್ಲು."

"ಅತಿಥಿ ಮರ್ಯಾದಿಗೆ ಎತ್ತಿಕೊಂಡಾಳಪಾ," ಎಂದರು ಸಾಹೇಬರು. "ನಾಳೆ ಮಿಕಾಯಿಲನ ದೇವರು ಗುಡಿಗೆ ಹೋಗೋದೈತಿ. ಹಬ್ಬ ಇನ್ನೂ ಮುಗದಿಲ್ಲ. ಬಾ."

ನಾವು ಎದ್ದಾಗ ಅವನು ಚಕ್ರ ತಿರುಗಿಸುವುದನ್ನು ನಿಲ್ಲಿಸಿದ್ದ.

ಮಿಕಾಯಿಲನ ದಿನ

ತಿಮ್ಕತ್‌ದ ದಿನ ಉಳಿದ ದೇವರುಗಳೆಲ್ಲ ಗುಡಿ ಸೇರಿದರೂ ಮಿಕಾಯಿಲನದು ಒಂದು ದಿನ ಹೆಚ್ಚು ನೀರಿನ ದಂಡೆಯಲ್ಲಿದ್ದು ಮರುದಿನ ಹೊರಡುತ್ತದೆ. ಆ ಪದ್ಧತಿಗೆ ನಾನು ಮನಸ್ಸಿನಲ್ಲೇ ಕೈ ಮುಗಿದೆ. ನನ್ನ ತಪ್ಪು ತಿದ್ದಲಿಕ್ಕೆಂದೇ ಆ ದಿನ ಇಟ್ಟಂತಿತ್ತು.

ಬೆಕೆಲೆ ಬಂದ. ತೊಳೆದ ಬಟ್ಟೆ, ಎಣ್ಣೆ ಹಚ್ಚಿ ಬಾಚಿದ ಕೂದಲು. ಅಲ್ಮಾಜ್ ಹಾಡುವ ಹುಡುಗಿಯರ ನಡುವೆ ನಡೆದು ಬರುತ್ತಿದ್ದಳು. ಸಾಹೇಬರು ನನ್ನ ಮುಂಗೈ ಹಿಡಿದುಕೊಂಡರು, ನಾನು ಮತ್ತೇನಾದರೂ ಎಸೆದೇನೆಂಬ ಭಯವಿತ್ತೋ ಏನೋ. ಅವನು ಎಸೆದ ಹಣ್ಣು ಅವಳ ಭುಜಕ್ಕೆ ತಾಗಿ ಕಾಲ ಬಳಿ ಬಿತ್ತು. ಅವಳು ನಿಂತಳು. ಹಣ್ಣನ್ನು ನೋಡಿದಳು. ಅವನನ್ನು ನೋಡಿದಳು. ಆಮೇಲೆ ಅದನ್ನು ಹಾಗೆಯೇ ಬಿಟ್ಟು, ಹಾಡುತ್ತ ಮುಂದಕ್ಕೆ ನಡೆದಳು.

ಈ ಸಲ ಯಾರೂ ಉಲಿಯಲಿಲ್ಲ. ಬೆಕೆಲೆ ಸಾಲು ಪೂರ್ತಿ ದಾಟಿ ಹೋಗುವವರೆಗೆ ಅಲ್ಲೇ ನಿಂತಿದ್ದ.

ಸಂಜೆ ಅಂಗಳದಲ್ಲಿ ಅವಳು ಒಬ್ಬಳೇ ಇದ್ದಾಗ, ನನ್ನಿಂದ ನಿನ್ನ ಬಾಳು ಕೆಟ್ಟಿತು ಎಂದು ಹೇಳಲು ಹೋದೆ. ಅವಳು ನನ್ನನ್ನು ತಡೆದಳು.

"ನೀವು ಗೊತ್ತಿಲ್ಲದ ಒಗದ್ರಿ, ತಿಳದ ಮ್ಯಾಲೆ ಬಂದು ಹೇಳಿದ್ರಿ. ಅಂವ ಎರಡು ವರ್ಷದಿಂದ ನನ್ನ ಬಲ್ಲಾಂವ. ಯಾಕ ಹಂಗ ಮಾಡಿದಿ ಅಂತ ನನ್ನ ಒಂದ ಮಾತು ಕೇಳಲಿಲ್ಲ. ನಿಮ್ಮ ಬಾಯಿಲೆ ಕೇಳಿದ, ಬಂದ. ನಾ ಇಲ್ಲೆ ಇದ್ದೆನಲ್ರಿ, ಹತ್ತು ಹೆಜ್ಜಿ ದೂರ."

ಅವಳು ಹೇಳಿದ್ದು ಬೆಕೆಲೆಯ ವಿಷಯ. ಆದರೂ ನನಗೆ ಹಿರೇಕೆರೂರಿನ ಆ ಪಡಸಾಲೆ ಕಣ್ಣ ಮುಂದೆ ಬಂತು. ಅಲ್ಲಿ ಹತ್ತು ಹೆಜ್ಜೆಯೂ ಇರಲಿಲ್ಲ, ನಡುವೆ ಒಂದು ಬಾಗಿಲು ಅಷ್ಟೇ.

ಎರಡು ಕಾಗದ

ಆ ವಾರವೇ ಗಿರಿಜಾಳ ಹೆಸರಿಗೆ ಕಾಗದ ಬರೆದೆ. ಮೂರು ಸಲ ಹರಿದೆ. ಕೊನೆಗೆ ಉಳಿದದ್ದು ಇಷ್ಟು: ಮನೆಯವರು ಒಪ್ಪಿದ್ದಾರೆ, ನಿಮ್ಮನ್ನು ಯಾರೂ ಕೇಳಿದ ಹಾಗೆ ನನಗೆ ಕಾಣಲಿಲ್ಲ, ನಾನೂ ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ. ಒಲ್ಲೆನೆಂದರೆ ತಪ್ಪು ನನ್ನದೆಂದು ಹೇಳಿ ನಾನೇ ಬಿಡಿಸುತ್ತೇನೆ.

ಬೆಕೆಲೆ ಮುಂದಿನ ಭಾನುವಾರ ಬರಿಗೈಯಲ್ಲಿ ಮನೆಗೆ ಬಂದ. ಅಲ್ಮಾಜ್ ಅವನಿಗೆ ಮಣೆ ಕೊಟ್ಟು, ಎದುರಿಗೆ ಕುಳಿತು ಕಾಫಿಬೀಜ ಹುರಿದಳು. ಅಲ್ಲಿ ಕಾಫಿ ಮೂರು ಸುತ್ತು ಕುಡಿಯಬೇಕು. ಮೂರನೆಯ ಸುತ್ತು ಮುಗಿಯುವವರೆಗೂ ಅವರು ಸಣ್ಣ ದನಿಯಲ್ಲಿ ಮಾತಾಡುತ್ತಿದ್ದರು. ನಾನು, ಸಾಹೇಬರು ಖೋಲಿಯೊಳಗೆ ಕುಳಿತು ಪರೀಕ್ಷೆಯ ಪೇಪರು ತಿದ್ದುವ ನಟನೆ ಮಾಡಿದೆವು. ಅವನು ಆಮೇಲೆ ಭಾನುವಾರಗಳೆಲ್ಲ ಬಂದ. ಈಸ್ಟರ್ ಹಬ್ಬ ಆದ ಮೇಲೆ ಅವರ ಮದುವೆಯಾಯಿತು. ಹೆಣ್ಣಿನ ಕಡೆಯ ಹಿರಿಯರ ಸಾಲಿನಲ್ಲಿ ನಮ್ಮಿಬ್ಬರನ್ನೂ ಕೂರಿಸಿದ್ದರು.

ಊರಿನಿಂದ ಮೊದಲು ಬಂದದ್ದು ಅಣ್ಣನ ಕಾಗದ. ಹುಡುಗಿಗೆ ನೇರ ಕಾಗದ ಬರೆದು ಮನೆತನದ ಮಾನ ಕಳೆದೆ ಎಂದು ಎರಡು ಪುಟ ಬೈದಿದ್ದ. ಹದಿನೈದು ದಿನದ ಮೇಲೆ ಗಿರಿಜಾಳದು ಬಂತು. ಗುಂಡಗಿನ ಅಕ್ಷರ, ಒಂದೂ ತಿದ್ದುಪಡಿ ಇಲ್ಲ.

"ನಿಮ್ಮ ಪತ್ರ ಅಪ್ಪ ಓದಿ ನನಗೆ ಕೊಟ್ಟರು. ಮನೆಯಲ್ಲಿ ಗದ್ದಲವಾಯಿತು. ಕೇಳಿದ್ದೀರಿ, ಆದ್ದರಿಂದ ಬರೆಯುತ್ತೇನೆ. ಒಲ್ಲೆನೆಂದು ಇಲ್ಲ. ಆದರೆ ನನಗೆ ಶಿಕ್ಷಕಿಯರ ತರಬೇತಿ ಮುಗಿಸುವ ಆಸೆ ಇದೆ. ಇದುವರೆಗೆ ಯಾರಿಗೂ ಹೇಳಿರಲಿಲ್ಲ. ಅಲ್ಲಿಯವರೆಗೆ ಮದುವೆ ಬೇಡ. ಆಗುತ್ತದೋ ಇಲ್ಲವೋ ತಿಳಿಸಬೇಕು."

ಕಾಗದ ಓದಿದ ಖಾದರಸಾಹೇಬರು ಅದನ್ನು ಮಡಿಚಿ ನನ್ನ ಕೈಗಿಟ್ಟರು. "ಏನ್ ಬರೀತೀರಿ, ಮಾಸ್ತರ?"

ಆಗುತ್ತದೆ ಎಂದು ಅದೇ ದಿನ ಬರೆದು ಹಾಕಿದೆ. ನನ್ನ ಕರಾರನ್ನು ಒಂದು ವರ್ಷ ಮುಂದುವರಿಸಿಕೊಂಡೆ. ನಾನು ಊರಿಗೆ ಮರಳುವ ಹೊತ್ತಿಗೆ ಗಿರಿಜಾ ತರಬೇತಿ ಮುಗಿಸಿ, ಶಿಗ್ಗಾಂವಿಯ ಕನ್ನಡ ಶಾಲೆಯಲ್ಲಿ ಕೆಲಸಕ್ಕೆ ಸೇರಿದ್ದಳು. ಎರಡೂ ಮನೆಯ ಹಿರಿಯರು ಪಂಚಾಂಗ ಹಿಡಿದು ಕುಳಿತರು. ಅವರು ತೆಗೆದ ಮೂರು ಮುಹೂರ್ತಗಳಲ್ಲಿ ಎರಡು ಅವಳ ಶಾಲೆಯ ಪರೀಕ್ಷೆಯ ದಿನಗಳಿಗೆ ಬಂದವು. ಅವಳಿಗೆ ರಜೆ ಇದ್ದದ್ದು ಮೂರನೆಯದಕ್ಕೆ. ಅದನ್ನೇ ಇಟ್ಟೆವು.